ಗೇಟಿನಲ್ಲಿ ಕೈಗೆ ಬಂದ ಕನ್ನಡಕ

ಮನುಷ್ಯನ ನಡಿಗೆ ನೋಡಿಯೇ ಅವನ ಏಳು ತಲೆಮಾರಿನ ಗುಣ ಹೇಳಬಲ್ಲ ಕಣ್ಣು ನನ್ನದು. ಗಂಡನ ಹೊಡೆತ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಬರುವ ವಲಸೆ ಹೆಂಗಸರ ಆಸರೆಮನೆಯ ಗೇಟಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದೇನೆ. ನನ್ನನ್ನು ಕೇಳದೆ ಸೊಳ್ಳೆಯೂ ಒಳಗೆ ಹೋದದ್ದಿಲ್ಲ; ಹೊರಟ ಒಂದೆರಡು ನನ್ನ ಕಣ್ಣಿಗೆ ಹೆದರಿ ಎದುರಿನ ಲಾಂಡ್ರಿಯಲ್ಲೇ ಸಂಸಾರ ಹೂಡಿವೆ. ಕೆಲಸವೇನೋ ಸುಲಭ. ಯಾರು ಯಾರನ್ನು ಕೇಳಿದರೂ "ಅಂಥವರು ಇಲ್ಲಿಲ್ಲ" ಅನ್ನಬೇಕು. ಯಾರು ಏನು ಕೊಟ್ಟರೂ ಮುಟ್ಟಬಾರದು.

ಆಮೇಲೆ ನಾವೆಲ್ಲ ಹೊಲಿಗೆಯಮ್ಮ ಅಂತ ಕರೆದಾಕೆ ಬಂದಾಗ ಒಂದೇ ಕಾಲಿಗೆ ಚಪ್ಪಲಿ, ಕಂಕುಳಲ್ಲಿ ಆರು ವರ್ಷದ ಮಗಳು. ಪಾಸ್‌ಪೋರ್ಟು ಗಂಡನ ಬೀರುವಿನಲ್ಲಿ. ಮೊದಲ ತಿಂಗಳು ಬಾಗಿಲಿಗೆ ಕುರ್ಚಿ ಅಡ್ಡ ಇಡದೆ ಮಲಗುತ್ತಿರಲಿಲ್ಲ. ಆಸರೆಮನೆಯ ಮೇಡಂ ಕಚೇರಿಯಿಂದ ಕಚೇರಿಗೆ ಅಲೆದು ಹೊಸ ಕಾಗದಪತ್ರ ಮಾಡಿಸಿದರು, ಮಗುವನ್ನು ಶಾಲೆಗೆ ಸೇರಿಸಿದರು, ಮಹಡಿಯ ಹಳೇ ಮಷೀನಿಗೆ ಎಣ್ಣೆ ಬಿಟ್ಟು ಆಕೆಯನ್ನು ಕೂರಿಸಿದರು. ನಾಲ್ಕನೇ ತಿಂಗಳಿಗೆ, ಆಸ್ಪತ್ರೆಗಳಿಗೆ ಹಾಸುಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಾಗಿಲ ಕುರ್ಚಿ ಕಿಟಕಿಯ ಪಕ್ಕಕ್ಕೆ ಹೋಯಿತು. ಆಕೆ ಅದರ ಮೇಲೆ ಕೂರತೊಡಗಿದಳು.

ಆಗ ಒಂದು ಬೆಳಿಗ್ಗೆ ಗರಿಗರಿ ಇಸ್ತ್ರಿ ಅಂಗಿಯವನೊಬ್ಬ ಬಂದ. ನಾನೂ ವಲಸೆ ಬಂದವನೇ. ಈ ಊರಿನಲ್ಲಿ ನಮ್ಮ ಮಾತಿನಲ್ಲಿ ನನ್ನನ್ನು "ಅಜ್ಜಾ" ಅಂದ ಮೊದಲ ಗಂಡಸು ಅವನು.

"ಅಂಥವರು ಇಲ್ಲಿಲ್ಲ," ಅಂದೆ, ಅವನು ಏನೂ ಕೇಳುವ ಮೊದಲೇ.

"ಇರ್ಲಿ ಬಿಡಿ ಅಜ್ಜಾ. ಮಗು ಕನ್ನಡಕ ಮನೇಲೇ ಬಿಟ್ಟು ಹೋಗಿದೆ. ಶಾಲೇಲಿ ಬೋರ್ಡು ಕಾಣಲ್ಲ, ಪಾಪ."

ಕನ್ನಡಕ ಮುಂದೆ ಹಿಡಿದು ಕಣ್ಣೊರೆಸಿಕೊಂಡ. ನನ್ನ ಕೈ ತಾನಾಗಿ ಚಾಚಿತು. ತಗೊಂಡೆ.

ಅವನ ಕಣ್ಣೀರು ಅಲ್ಲೇ ಆರಿತು. ಹೆಂಡತಿ ಇಲ್ಲೇ ಇದ್ದಾಳೆ ಅನ್ನುವ ಉತ್ತರ ಸಿಕ್ಕಿತ್ತು. ನಕ್ಕ ನೋಡಿ, ಚರಂಡಿಯ ಮುಚ್ಚಳ ಎತ್ತಿದ ಹಾಗೆ!

ಮಧ್ಯಾಹ್ನ ಮೂವರು ಹಿರಿಯರನ್ನು ಗೇಟಿಗೆ ಕರೆತಂದ. "ಗಂಡಸು ಅಂದ್ಮೇಲೆ ಕೈ ಒಂಚೂರು ಮುಂದೆ ಹೋಗುತ್ತಪ್ಪಾ. ಮನೆ ಮಾತು, ಮನೇಲೇ ಮುಗಿಸೋಣ," ಅಂದ ಒಬ್ಬ, ಕಡ್ಡಿಯಲ್ಲಿ ಹಲ್ಲು ಕೆದಕುತ್ತ.

"ನಿಮ್ಮ ಮಗಳ ಮೇಲೆ ಹೋದ್ರೂ ಒಂಚೂರೇನಾ?" ಅಂದೆ.

ಕಡ್ಡಿ ಹಲ್ಲಿನಲ್ಲೇ ನಿಂತಿತು. ಥೂ, ಇವರ ಹಿರಿತನಕ್ಕಿಷ್ಟು!

ಮೇಡಂ ಪೊಲೀಸರನ್ನು ಕರೆದರು. ನಾಲ್ವರೂ ಕಂಬಿ ಕಿತ್ತರು. ಆದರೆ ವಿಳಾಸ ಬಯಲಾದ ಮನೆಯಲ್ಲಿ ಆ ತಾಯಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅವತ್ತೇ ದೂರದ ಊರಿನ ಇನ್ನೊಂದು ಆಸರೆಮನೆಗೆ ಹೊರಡಬೇಕು. ಸಿಕ್ಕ ಕೆಲಸ ಹೋಯಿತು, ಮಗಳ ಶಾಲೆ ಹೋಯಿತು, ಕಿಟಕಿ ಪಕ್ಕದ ಕುರ್ಚಿಯೂ ಹೋಯಿತು. ಅವನ ಮೇಲೆ ಹೇಸಿಗೆಪಟ್ಟು ಸಾಕಾದ ಮೇಲೆ ಉಳಿದದ್ದನ್ನೆಲ್ಲ ನನ್ನ ಮೇಲೇ ಸುರಿದುಕೊಂಡೆ.

ಹಿಂಬಾಗಿಲಿಗೆ ವ್ಯಾನು ಬಂತು. ಕನ್ನಡಕ ಹಿಡಿದು ಹೋದೆ.

"ತಪ್ಪಾಯ್ತು ತಾಯೀ. ಮಗೂದು, ತಗೋ."

ಮಗಳು ಅಮ್ಮನ ಹಿಂದಿನಿಂದ ಇಣುಕಿದಳು. ಮೂಗಿನ ಮೇಲೆ ಕೆಂಪು ಚೌಕಟ್ಟಿನ ಕನ್ನಡಕ. ಬಂದ ವಾರವೇ ಮೇಡಂ ಮಾಡಿಸಿಕೊಟ್ಟದ್ದಂತೆ. ನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಅದನ್ನೇ ಹಾಕಿಕೊಂಡು ನನ್ನ ಮುಂದೆಯೇ ಶಾಲೆಗೆ ಓಡಿದ್ದಾಳೆ!

ಹೊಲಿಗೆಯಮ್ಮ ಮಗಳನ್ನು ವ್ಯಾನಿಗೆ ಹತ್ತಿಸಿ ತಿರುಗಿದಳು.

"ಅವಳಿಗೆ ಚೆನ್ನಾಗಿ ಕಾಣುತ್ತೆ ಅಜ್ಜಾ. ಅದನ್ನ ನೀವೇ ಹಾಕ್ಕೊಳ್ಳಿ."