ಅತ್ತೆ ಸುತ್ತಿದ ಕಂಡಿಕೆ

ನನ್ನ ಗಂಡನನ್ನು ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಎಲ್ಲರೂ ಒಳ್ಳೆಯ ನೇಕಾರನೆಂದು ಹೊಗಳುತ್ತಿದ್ದರು. ಅದೇನೂ ಸುಳ್ಳಲ್ಲ. ಹಿಂದೂಪುರದಿಂದ ಮದುವೆಯಾಗಿ ಹೋದ ನನಗೆ ಅವನ ಮಗ್ಗಕ್ಕೆ ಕಂಡಿಕೆ ಸುತ್ತುವ ಕೆಲಸ. ರಾಟೆ ತಿರುಗಿಸಿ ಪುಟ್ಟ ಕೊಳವೆಗೆ ನೂಲು ಸುತ್ತಿ ಕೊಟ್ಟರೆ ಅವನು ಅದನ್ನು ಲಾಳಿಗೆ ಹಾಕಿ ನೇಯುತ್ತಿದ್ದ. ನಡುವೆ ನೂಲು ಹರಿದರೆ ಮಗ್ಗದ ಗುಂಡಿಯಿಂದ ಎದ್ದು ಬಂದು ಹೊಡೆಯುತ್ತಿದ್ದ.

ತಪ್ಪು ನನ್ನದೇ ಎಂದು ನಂಬಿದ್ದೆ. ಬಿಗಿಯಾಗಿ ಸುತ್ತಿ ನೋಡಿದೆ, ಸಡಿಲವಾಗಿ ಸುತ್ತಿ ನೋಡಿದೆ. ಕೈಯ ಒರಟಿಗೆ ನೂಲು ಹರಿಯುತ್ತಿರಬೇಕೆಂದು ಬೆರಳಿಗೆ ಎಣ್ಣೆ ಸವರಿಕೊಂಡೆ. ನೂಲಿಗೆ ಜಿಡ್ಡು ತಾಗಿತೆಂದು ಅದಕ್ಕೂ ಏಟು ಬಿತ್ತು. ಎಂಥ ದಡ್ಡಿ ನಾನು! ಪೆಟ್ಟು ತಿಂದವಳೇ ಅವನಿಗೆ ಸಬೂಬು ಹುಡುಕಿ ಕೊಡುತ್ತಿದ್ದೆ.

ಎರಡನೆಯ ವರ್ಷ ಜ್ವರ ಬಂದು ಐದು ದಿನ ಮಲಗಿದೆ. ಕಂಡಿಕೆಯನ್ನು ಅತ್ತೆ ಸುತ್ತಿದರು. ಗೋಡೆಯಾಚೆ ಮಗ್ಗದ ಸದ್ದು ಥಟ್ಟನೆ ನಿಂತಾಗ, ನೂಲು ಹರಿಯಿತೆಂದು ಗೊತ್ತಾಗಿ ನನ್ನ ಮೈ ತಾನಾಗಿಯೇ ಮುದುಡಿಕೊಂಡಿತು. ಆದರೆ ಅವನು ಏಳಲಿಲ್ಲ. ಎಳೆ ಸೇರಿಸಿಕೊಂಡು ಮತ್ತೆ ನೇಯತೊಡಗಿದ. ಆ ದಿನ ನೂಲು ಎಷ್ಟೋ ಸಲ ಹರಿಯಿತು, ಒಮ್ಮೆಯೂ ಅವನು ದನಿ ಏರಿಸಲಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಯಾರ ಕೈಯಲ್ಲಾದರೂ ನೂಲು ಹರಿಯುತ್ತದೆ. ಹೊಡೆಯಲು ನಾನು ಸಿಕ್ಕಿದ್ದೆ, ಹೊಡೆಯುತ್ತಿದ್ದ, ಅಷ್ಟೆ. ಸಿಟ್ಟು ಉಕ್ಕಿ ಬಂತು.

ಅದನ್ನೇ ಅತ್ತೆಗೆ ಹೇಳಿದೆ. ಅವರು ರಾಟೆ ನಿಲ್ಲಿಸಿದರು.

“ನನ್ಗೂ ಗೊತ್ತು ಕಣಮ್ಮ. ಮಗ ಅಂತ ಬಾಯ್ ಮುಚ್ಕೊಂಡಿದ್ದೆ.”

ಅವನು ಸೀರೆ ಕೊಡಲು ಅನಂತಪುರಕ್ಕೆ ಹೋದ ದಿನ ಅತ್ತೆಯೇ ನನ್ನನ್ನು ಹಿಂದೂಪುರದ ಬಸ್ಸು ಹತ್ತಿಸಿ ತಾವೂ ಹತ್ತಿದರು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಸೋಮಂದೇಪಲ್ಲಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಅವರು ಸೆರಗನ್ನು ಮುಖಕ್ಕೆಳೆದುಕೊಂಡು, ಬಂದ ದಾರಿಯನ್ನೇ ನೋಡುತ್ತಿದ್ದರು. ಹೆತ್ತ ಮಗನಿಗೆ ತಾಯಿ ಅಷ್ಟು ಹೆದರುವುದನ್ನು ನಾನು ಕಂಡದ್ದು ಅಂದೇ.

ಹಿಂದೂಪುರದ ತವರಿನಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡು, “ಎರಡು ದಿನ ಇದ್ದು ಹೋಗ್ಲಿ. ಸರ್ದುಕೋವಾಲಮ್ಮಾ, ಹೊಂದ್ಕೊಂಡು ಹೋಗ್ಬೇಕು” ಎಂದರು. ಅತ್ತೆ ಇನ್ನೂ ಕೂತಿರಲಿಲ್ಲ.

“ಬೀಗ್ರೇ, ನನ್ ಮಗ ಇವಳನ್ನ ಸಾಯ್ಸಿಬುಡ್ತಾನೆ, ಕಳಿಸ್ಬೇಡಿ. ಇವತ್ತಲ್ಲ ನಾಳೆ ಅವನು ನನ್ನೂ ಕರ್ಕೊಂಡು ಬತ್ತಾನೆ. ಅವನ ಮುಂದೆ ನಾನೇ ಕಳಿಸ್ಕೊಡಿ ಅಂತ ಕೈಮುಗ್ದು ಕೇಳ್ತೀನಿ. ಆಗ್ಲೂ ಕಳಿಸ್ಬೇಡಿ.”

ಅತ್ತೆ ಒಬ್ಬರೇ ಕಲ್ಯಾಣದುರ್ಗಕ್ಕೆ ಮರಳಿದರು. ಎಂಟು ದಿನಕ್ಕೆ ತಾಯಿ ಮಗ ಇಬ್ಬರೂ ಬಂದರು. ನಾನು ಕೋಣೆಯ ಬಾಗಿಲ ಹಿಂದಿದ್ದೆ. “ಸೊಸೇನ ಕಳಿಸ್ಕೊಡಿ ಬೀಗ್ರೇ” ಎಂದು ಅತ್ತೆ ಕೈ ಎತ್ತಿ ಮುಗಿದರು. ಬಲಗೈ ಮಣಿಕಟ್ಟಿನಿಂದ ಮೊಣಕೈಯವರೆಗೆ ಬಾತುಕೊಂಡಿತ್ತು. ಅದು ಹೇಗೆ ಬಾತಿತೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅಪ್ಪನೂ ಆ ಕೈಯನ್ನೇ ನೋಡುತ್ತಿದ್ದರು.

“ಕಳಿಸಲ್ಲ” ಎಂದರು.

ಅವನು ಬಯ್ಯುತ್ತಾ ಹೊರಟ. ಅತ್ತೆ ಅವನ ಹಿಂದೆ ಹೊರಟರು. ‘ನೀವೂ ಇಲ್ಲೇ ಉಳ್ಕೊಳ್ಳಿ’ ಎಂದು ನಾನು ಆಚೆ ಬಂದು ಕೂಗಬಹುದಿತ್ತು. ಹೆದರಿದ್ದೆ, ಕೂಗಲಿಲ್ಲ.