ಗಂಜಿಯ ಹೊತ್ತಿಗೆ ರೊಟ್ಟಿಯ ಸಪ್ಪಳ

1997ರ ಬೇಸಿಗೆಯಲ್ಲಿ ಹುಮನಾಬಾದಿನ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು. ಬಡಿಯುತ್ತಿದ್ದವರು ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ. ಅವರ ಬಲ ಅಂಗೈ ಎಡಗೈಗಿಂತ ಅಗಲ, ಚರ್ಮ ದಪ್ಪ. ಒಲೆಯ ಮೇಲಿನ ಬಿಸಿ ಹಂಚನ್ನು ಬರಿಗೈಯಲ್ಲಿ ಸರಿಸುತ್ತಿದ್ದರು. ಅವರು ರೊಟ್ಟಿ ಬಡಿದರೆ ಆಚೆ ಓಣಿಗೆ ಕೇಳುತ್ತಿತ್ತು.

ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ಅಣ್ಣನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಇನ್ನು ಮಾಡುವಂಥದ್ದೇನೂ ಇಲ್ಲ, ಇಳಿಯುವಷ್ಟು ದಿನ ತೆಳ್ಳಗಿನ ಗಂಜಿ ಕೊಡಿ ಎಂದು ಸೊಲ್ಲಾಪುರದ ಡಾಕ್ಟರು ಮನೆಗೆ ಕಳಿಸಿದ್ದರು.

ವೈನಿಯ ತವರು ಬಸವಕಲ್ಯಾಣ. ಜೋಳದ ಮನೆಯಲ್ಲಿ ಬೆಳೆದವರು. ಅಲ್ಲಿ ಅನ್ನ ಆಗುತ್ತಿದ್ದದ್ದು ಹಬ್ಬಕ್ಕೆ, ಇಲ್ಲವೇ ಬೀಗರು ಬಂದರೆ. ಅಕ್ಕಿಯ ಗಂಜಿ ಮಾಡಿ ಗೊತ್ತಿರಲಿಲ್ಲ. ಮೊದಲ ದಿನ ಅಂಬಲಿಗೆ ಬೆರೆಸಿದ ಹಾಗೆ ಹುಳಿ ಮಜ್ಜಿಗೆ ಬೆರೆಸಿದರು. ಒಂದೇ ಗುಟುಕಿಗೆ ಅಣ್ಣ ಗಂಟಲು ಹಿಡಿದುಕೊಂಡು ಹೊರಳಾಡಿದ. ಅಂದಿನಿಂದ ಮಜ್ಜಿಗೆ ಇಲ್ಲ, ಜೀರಿಗೆಯೂ ಇಲ್ಲ. ಅಕ್ಕಿಯನ್ನು ಬೀಸುಕಲ್ಲಿನಲ್ಲಿ ನುಚ್ಚು ಮಾಡಿ, ಕರಗುವ ತನಕ ಕುದಿಸಿ, ಹಳೆಯ ಧೋತರದಲ್ಲಿ ಸೋಸಿ ಚಿಟಿಕೆ ಉಪ್ಪು ಹಾಕುವರು. ಮೊದಲ ಗುಟುಕು ತಾವೇ ಕುಡಿದು, ಕಣ್ಣು ಮುಚ್ಚಿ, ಎಲ್ಲಾದರೂ ತಡೆಯಿತೇ ಎಂದು ನೋಡುವರು. ತಡೆದರೆ ಮತ್ತೆ ಸೋಸುವರು.

"ನನಗ ಹತ್ತಿದ್ರ ಅವರಿಗಿ ಮುಳ್ಳ ಆಗ್ತದ, ತಮ್ಮಾ" ಎನ್ನುತ್ತಿದ್ದರು. ನನಗೂ ಕಲಿಸಿದರು.

ತಿನ್ನಲಾಗದವನಿಗೆ ರೊಟ್ಟಿಯ ಸಪ್ಪಳ ಕೇಳಿಸಬಾರದು ಎಂದು ನಿರ್ಧರಿಸಿದವರೂ ವೈನಿಯೇ. ನಮಗೆ ರೊಟ್ಟಿ ಪಕ್ಕದ ಮನೆಯಿಂದ ಬಟ್ಟೆಯಲ್ಲಿ ಸುತ್ತಿ ಬರುತ್ತಿತ್ತು. ಅಣ್ಣನ ಇಬ್ಬರು ಮಕ್ಕಳು, ನಾನು, ವೈನಿ ಹಿತ್ತಲಲ್ಲಿ ಕೂತು ಸದ್ದಿಲ್ಲದೆ ತಿನ್ನುತ್ತಿದ್ದೆವು.

ಕೆಲವು ವಾರ ಹೀಗೆ ನಡೆಯಿತು. ಆಮೇಲೆ ಅಣ್ಣ ಗಂಜಿ ಬಿಟ್ಟ.

"ಒಂದ್ ಗುಟುಕು ಕುಡೀರಿ" ಎಂದರು ವೈನಿ.

ಅವನು ಗೋಡೆಯ ಕಡೆ ಹೊರಳಿದ. ಮರುದಿನವೂ ಅಷ್ಟೇ. ವೈನಿ ಬೇಡಿಕೊಂಡರು, ಕಾಲು ಹಿಡಿದರು, ಕಡೆಗೆ ಲೋಟ ನೆಲಕ್ಕೆ ಕುಕ್ಕಿದರು. "ಹಠಾ ಮಾಡಿ ಸಾಯ್ತೀರೇನ್ರಿ? ನಾ ಯಾರ ಸಲುವಾಗಿ ಒಲಿ ಮುಂದ ಕುಂಡ್ರಬೇಕು?"

ಅಣ್ಣನ ದನಿ ಉಸಿರಿನಷ್ಟೇ ಉಳಿದಿತ್ತು. "ಮನ್ಯಾಗ ರೊಟ್ಟಿ ಸಪ್ಪಳ ಇಲ್ಲ. ಜ್ವಾಳ ತೀರ್ಯಾವ. ನನಗ ಅಕ್ಕಿ ಕುದಿಸಿ ಪೋರಗೋಳಿಗಿ ಉಪಾಸ ಇಟ್ಟೀದಿ."

ವೈನಿ ಎದ್ದರು. ಅಗಲ ತಟ್ಟೆಯಂಥ ಪರಾತದಲ್ಲಿ ಹಿಟ್ಟು ತಂದು ಮಂಚದ ಎದುರಿಗೇ ಇಟ್ಟು, ನಾದಿ, ಬಡಿಯತೊಡಗಿದರು. ಅಳುತ್ತಿದ್ದರು, ಕೈ ಮಾತ್ರ ಜೋರಾಗಿತ್ತು.

"ಮೆತ್ತಗ ಬಡಿಯೇ" ಎಂದ ಅಣ್ಣ. "ಪರಾತಾ ನಿಮ್ಮಪ್ಪ ಕೊಟ್ಟದ್ದು. ಸೊಟ್ಟ ಆದ್ರ ನನಗ ಬೈತಾನ."

ಗಂಜಿ ಕುಡಿದ.

ಅಂದಿನಿಂದ ಗಂಜಿಯ ಹೊತ್ತಿಗೆಲ್ಲ ರೊಟ್ಟಿ. ನಮಗೆ ಸಾಕಾದ ಮೇಲೂ ಲೋಟ ಖಾಲಿಯಾಗುವ ತನಕ ವೈನಿ ಒಂದೇ ಹಿಟ್ಟನ್ನು ಬಡಿದು, ಮುದ್ದೆ ಮಾಡಿ, ಮತ್ತೆ ಬಡಿಯುತ್ತಿದ್ದರು. ಮಳೆಗಾಲದ ಕೊನೆಗೆ ಗಂಜಿಯೂ ಇಳಿಯದಾಯಿತು. ಲೋಟ ತುಂಬಿದಂತೇ ಇತ್ತು. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಅಣ್ಣ ಹೋದದ್ದು ಆ ಸಪ್ಪಳದ ನಡುವೆಯೇ. ಪಕ್ಕದ ಮನೆಯವರು ಬಂದು ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

2006ರಲ್ಲಿ, ಬಸವಕಲ್ಯಾಣದಲ್ಲಿ ಮಗಳ ಮನೆಯಲ್ಲಿದ್ದ ವೈನಿಗೆ ಲಕ್ವಾ ಹೊಡೆಯಿತು. ಎಡಭಾಗ ಬಿತ್ತು, ಮಾತು ನಿಂತಿತು. ಬಾಯಿಗೆ ಹಾಕಿದ್ದೆಲ್ಲ ಕಟವಾಯಿಯಿಂದ ಹೊರಗೆ ಬರುತ್ತಿತ್ತು. ನಾನು ಹುಮನಾಬಾದಿನಿಂದ ಬಸ್ ಹತ್ತಿ ಹೋದೆ. ಅಕ್ಕಿ ನುಚ್ಚು ಮಾಡಿ, ಕುದಿಸಿ, ಧೋತರದಲ್ಲಿ ಸೋಸಿ, ಮೊದಲ ಗುಟುಕು ಕುಡಿದು ನೋಡಿದೆ. ತಡೆಯಲಿಲ್ಲ.

ಚಮಚ ಹತ್ತಿರ ತಂದರೆ ವೈನಿ ತುಟಿ ಬಿಗಿಹಿಡಿದರು. ಬಲಗೈ ಮಂಚದ ಪಟ್ಟಿಗೆ ಬಡಿಯಿತು. ಅದು ಸನ್ನೆಯೋ, ಕೈ ತಾನಾಗಿ ಬಿತ್ತೋ, ಹೇಳಲಾರೆ. ಪರಾತ ತಂದು ರೊಟ್ಟಿ ಬಡಿ ಎಂದು ಮಗಳಿಗೆ ಹೇಳಿದೆ.

"ಈಗ ಯಾಕ್ರಿ ಕಾಕಾ? ಎಲ್ಲಾರೂ ಉಂಡೀವಲ್ಲ."

"ನೀ ಬಡಿ."

ಅವಳು ಬಡಿದಳು. ವೈನಿ ಬಾಯಿ ತೆರೆದು ಕೆಲವು ಚಮಚ ನುಂಗಿದರು.

ಮರುದಿನ ಬೆಳಿಗ್ಗೆ, ಗಂಜಿಗೆ ಒಲೆ ಹಚ್ಚುವ ಮೊದಲೇ ತೀರಿಕೊಂಡರು. ಮಗಳು ಪರಾತದಲ್ಲಿ ಹಿಟ್ಟು ನಾದಿಟ್ಟಿದ್ದಳು.