ಪೂಜೆಗಿಟ್ಟ ಚಾರ್ಜರ್

ಹೆಲಿಕಾಪ್ಟರ್ ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಒಂದಲ್ಲ ಒಂದು ದಿನ ಅದು ಬೀಳುತ್ತಿತ್ತು. ಆದರೆ ಅದು ನೆಲ ಮುಟ್ಟಿದ ತಕ್ಷಣ ನಮ್ಮ ಸಂಘದ ಕಾರ್ಯದರ್ಶಿ "ಸಾಲ್ಡರಿಂಗ್ ಬಿಟ್ಟಿರ್ಬೇಕು" ಎಂದರಲ್ಲ, ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸಾಲ್ಡರಿಂಗ್ ಮಾಡಿದವಳು, ಅದರ ತಂತಿಗಳನ್ನೆಲ್ಲ ಬೆಸೆದವಳು, ನಾನು.

ಎಪ್ಪತ್ತರ ದಶಕದ ಮಾತು. ಹಲಸೂರಿನಿಂದ ಬಸ್ಸು ಹಿಡಿದು ಕಾರ್ಖಾನೆಗೆ ಹೋಗಿ ದಿನವಿಡೀ ರೇಡಿಯೊಗಳ ಹೊಟ್ಟೆಯೊಳಗೆ ತಂತಿ ಜೋಡಿಸುವುದು ನನ್ನ ಕೆಲಸ. ಭಾನುವಾರಗಳಂದು ಹೊಸ ತಿಪ್ಪಸಂದ್ರದ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಮಾದರಿ ವಿಮಾನ ಹಾರಿಸುವವರ ಸಂಘ ಸೇರುತ್ತಿತ್ತು. ಶೆಡ್ಡಿನ ಯಜಮಾನರೇ ಕಾರ್ಯದರ್ಶಿ. ವಿಮಾ ಕಚೇರಿಯಲ್ಲಿ ಅಧಿಕಾರಿ. ಅವರ ಭಾವಮೈದುನ ವಿದೇಶದಿಂದ ಮಾದರಿ ಹೆಲಿಕಾಪ್ಟರಿನ ಬಿಡಿಭಾಗಗಳನ್ನು ತಂದುಕೊಟ್ಟಿದ್ದ, ಅದನ್ನು ಆಡಿಸುವ ರೇಡಿಯೊ ಒಂದು ಬಿಟ್ಟು. ಅದನ್ನು ನಾನು ಮಾಡಿದೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕೈ ಕಪ್ಪಾಗುವವರೆಗೆ ಹುಡುಕಿ ಸಾಮಾನು ತಂದೆ. ಒಂದು ಮಳೆಗಾಲ ಪೂರ್ತಿ ಕೂತು, ನೆಲದಿಂದ ಸಂಕೇತ ಕಳಿಸುವ ಪೆಟ್ಟಿಗೆಯನ್ನೂ ಮೇಲೆ ಅದನ್ನು ಕೇಳಿಸಿಕೊಳ್ಳುವ ರಿಸೀವರನ್ನೂ ಕಟ್ಟಿದೆ. ಸಂಘದಲ್ಲಿ ನಾನೊಬ್ಬಳೇ ಹೆಂಗಸು. ಇದು ಹಾರಿದರೆ ಮುಂದಿನ ರೇಡಿಯೊ ಕೆಲಸವೆಲ್ಲ ನನಗೆ, ಶೆಡ್ಡಿನಲ್ಲಿ ನನ್ನದೇ ಒಂದು ಮೇಜು ಎಂದು ಮಾತಾಗಿತ್ತು. ಹಾರದಿದ್ದರೆ ಏನು ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೆಲಿಕಾಪ್ಟರನ್ನು ಮೇಲೆತ್ತುವ ಇಂಜಿನ್ನು ಎಣ್ಣೆಯದು. ರಿಸೀವರಿಗೆ ಮಾತ್ರ ನಾಲ್ಕು ಸೆಲ್ಲುಗಳ ಒಂದು ಬ್ಯಾಟರಿ. ರೆಕ್ಕೆಯ ಓರೆ ತಿದ್ದುವ ಪುಟ್ಟ ಮೋಟಾರುಗಳಿಗೂ ಅದೇ ಗತಿ. ಚಾರ್ಜ್ ಮಾಡಿ ಬಳಸುವ ಆ ಸೆಲ್ಲುಗಳದ್ದು ಒಂದು ಕೆಟ್ಟ ಗುಣ: ಸುಸ್ತಾಗಿದ್ದರೂ ತೋರಿಸಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ಮೀಟರ್ ಹಿಡಿದರೆ ಮುಳ್ಳು ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಮೋಟಾರು ತಿರುಗತೊಡಗಿದ ಮೇಲೆ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ಒಂದು ಟಾರ್ಚ್ ಬಲ್ಬ್ ಹಚ್ಚಿ, ಅದು ಉರಿಯುತ್ತಿರುವಾಗಲೇ ಮೀಟರ್ ನೋಡಬೇಕು. ಇದನ್ನು ಕಾರ್ಯದರ್ಶಿಯವರಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು.

ವಿಜಯದಶಮಿಯ ಬೆಳಿಗ್ಗೆ ಹಾರಾಟ ಎಂದು ನಿಶ್ಚಯವಾಯಿತು. ಹಿಂದಿನ ದಿನ ಶೆಡ್ಡಿನಲ್ಲಿ ಆಯುಧಪೂಜೆ. ಸುತ್ತಿಗೆ, ಇಕ್ಕಳ, ಡ್ರಿಲ್ಲು, ಚಾರ್ಜರು, ಎಲ್ಲಕ್ಕೂ ಅರಿಶಿನ ಕುಂಕುಮ, ಹೆಲಿಕಾಪ್ಟರಿಗೆ ಸೇವಂತಿಗೆ ಹಾರ. ನಾನು ಪ್ರಸಾದ ತೆಗೆದುಕೊಂಡು ಹೊರಡುವಾಗ, "ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿಡಿ ಸಾರ್" ಎಂದೆ.

"ಆಯ್ತ್ರೀ, ಎಷ್ಟ್ ಸಲ ಹೇಳ್ತೀರಿ!"

ಆಮೇಲೆ ಏನಾಯಿತೆಂದು ಅವರ ಹೆಂಡತಿಯೇ ನನಗೆ ಹೇಳಿದ್ದು. ದಸರಾ ಗೊಂಬೆ ನೋಡಲು ಮನೆಗೆ ಬಂದವರನ್ನೆಲ್ಲ ಶೆಡ್ಡಿಗೆ ಕರೆದೊಯ್ದು, ಸಂಜೆಯವರೆಗೂ ಮೋಟಾರು ಕುಣಿಸಿ ತೋರಿಸಿದ್ದಾರೆ. ರಾತ್ರಿ ಆಕೆ ಚಾರ್ಜಿನ ಮಾತೆತ್ತಿದರೆ, ಪೂಜೆಗಿಟ್ಟ ಚಾರ್ಜರನ್ನು ಮುಟ್ಟಬಾರದು, ಬೆಳಿಗ್ಗೆ ಪೂಜೆ ಎತ್ತುವವರೆಗೆ ಇರಲಿ ಎಂದರಂತೆ. ಅಲ್ಲ, ಹಾರ ಹಾಕಿದ ಹೆಲಿಕಾಪ್ಟರನ್ನು ಬಂದವರ ಮುಂದೆಲ್ಲ ಕುಣಿಸಬಹುದು, ಚಾರ್ಜರಿಗೆ ಮಾತ್ರ ಮಡಿಯೇ? ಯಾವ ಶಾಸ್ತ್ರದಲ್ಲಿದೆ ಇದು?

ಬೆಳಿಗ್ಗೆ ಮೈದಾನದಲ್ಲಿ ಕಾಲೋನಿಗೆ ಕಾಲೋನಿಯೇ ಸೇರಿತ್ತು. ಇದೊಂದೂ ಗೊತ್ತಿಲ್ಲದ ನಾನು, "ಚಾರ್ಜ್ ಆಯ್ತಾ ಸಾರ್?" ಎಂದೆ.

"ಮೀಟರ್ ಹಿಡಿದು ನೋಡಿದೀನಿ. ಮುಳ್ಳು ಸರಿಯಾಗಿದೆ."

"ಬಲ್ಬ್ ಹಚ್ಚಿ ನೋಡಿದ್ರಾ?"

"ಪೂಜೆ ಆಗಿರೋ ಯಂತ್ರ ರೀ ಇದು. ಒಳ್ಳೇ ದಿನ ಅಪಶಕುನ ನುಡೀಬೇಡಿ." ಸುತ್ತ ನಿಂತವರು ನಕ್ಕರು.

ಹೆಲಿಕಾಪ್ಟರ್ ಚೆನ್ನಾಗಿಯೇ ಎದ್ದಿತು. ತೆಂಗಿನ ಮರದ ಎತ್ತರಕ್ಕೆ ಏರಿ, ಒಂದು ಗಳಿಗೆ ನಿಂತಲ್ಲೇ ನಿಂತಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅದು ಎಡಕ್ಕೆ ವಾಲತೊಡಗಿತು. ಕಾರ್ಯದರ್ಶಿ ಕೈಯಲ್ಲಿದ್ದ ಪೆಟ್ಟಿಗೆಯ ಕಡ್ಡಿಯನ್ನು ಬಲಕ್ಕೆ ಎಳೆದೇ ಎಳೆದರು. ಕೇಳಿಸಿಕೊಳ್ಳಲು ಅದರಲ್ಲಿ ಶಕ್ತಿ ಉಳಿದಿರಲಿಲ್ಲ. ಬೇಲಿಯ ಪಕ್ಕ ಬಿದ್ದು ಮುರಿದುಹೋಯಿತು.

"ಸಾಲ್ಡರಿಂಗ್ ಬಿಟ್ಟಿರ್ಬೇಕು," ಎಂದು ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಹೆಂಗಸ್ರ ಕೈಗೆ ಇಂಥ ಕೆಲಸ ಕೊಡ್ಬಾರ್ದಿತ್ತು."

ಅವರ ಕೈಯಲ್ಲಿದ್ದ ಪೆಟ್ಟಿಗೆಯೂ ಆ ಹೆಂಗಸೇ ಮಾಡಿದ್ದೆಂದು ಒಬ್ಬರಿಗೂ ನೆನಪಾಗಲಿಲ್ಲ.

ಜನ ಚದುರಿದರು. ಮುರಿದ ಯಂತ್ರವನ್ನು ಶೆಡ್ಡಿಗೆ ತಂದು ಅವರ ಎದುರಿಗೇ ಬ್ಯಾಟರಿಗೆ ಬಲ್ಬ್ ಹಚ್ಚಿದೆ. ಹೊತ್ತಿಕೊಂಡ ಬಲ್ಬ್ ನೋಡುತ್ತಿದ್ದಂತೆ ಕೆಂಪಗಾಗಿ ಮಂಕಾಯಿತು, ಮುಳ್ಳು ಕೆಳಗಿಳಿಯಿತು. ಬೇರೊಂದು ವಿಮಾನದ ಚಾರ್ಜ್ ಆಗಿದ್ದ ಬ್ಯಾಟರಿಯನ್ನು ನನ್ನ ರಿಸೀವರಿಗೆ ಸಿಕ್ಕಿಸಿದೆ. ಅದರ ಡಬ್ಬಿ ಸೀಳಿಹೋಗಿದ್ದರೂ ಮೋಟಾರುಗಳು ಹೇಳಿದ ಹಾಗೆ ತಿರುಗಿದವು. ಆಗಲೇ ಅವರ ಹೆಂಡತಿ ಬಾಗಿಲಲ್ಲಿ ನಿಂತು ಹಿಂದಿನ ದಿನದ ಕಥೆಯನ್ನೆಲ್ಲ ಹೇಳಿದ್ದು.

"ಹೋಗ್ಲಿ ಬಿಡ್ರೀ," ಎಂದರು ಕಾರ್ಯದರ್ಶಿ. "ಯಂತ್ರ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಯಾರ್ ತಪ್ಪೂ ಅಲ್ಲ. ಮುಂದಿನ ರೇಡಿಯೊನೂ ನೀವೇ ಮಾಡಿ."

ಮೈದಾನದಲ್ಲಿ ತಪ್ಪು ನನ್ನದಾಗಿತ್ತು. ಶೆಡ್ಡಿಗೆ ಬರುವಷ್ಟರಲ್ಲಿ ಯಾರದ್ದೂ ಅಲ್ಲದ್ದಾಯಿತು!

"ಮಾಡ್ತೀನಿ ಸಾರ್," ಎಂದೆ. "ಮೈದಾನದಲ್ಲಿ ಹೇಳಿದ್ರಲ್ಲ, ಹಾಗೇ ಎಲ್ಲರ ಮುಂದೆ ಸಾಲ್ಡರಿಂಗ್ ಸರಿಯಿತ್ತು ಅಂತ ಹೇಳಿ."

"ಅದಕ್ಕೇನಂತೆ, ಹೇಳೋಣ."

ಮುಂದಿನ ಭಾನುವಾರ ಎಲ್ಲರೂ ಸೇರಿದ್ದರು. ಅವರು ನನ್ನ ಕಡೆ ನೋಡದೆ, "ಏನೋ ಕರೆಂಟಿನ ತೊಂದ್ರೆ ಆಯ್ತು, ಬಿಡಿ" ಎಂದು ಎಲ್ಲರಿಗೂ ಕಾಫಿ ತರಿಸಿದರು. ಸಾಲ್ಡರಿಂಗ್ ಸರಿಯಿತ್ತು ಎಂದು ಎರಡೇ ಪದ ಹೇಳಬೇಕಾಗಿತ್ತು. ನಾನು ಲೋಟ ಮುಟ್ಟಲಿಲ್ಲ. ನನ್ನ ರಿಸೀವರನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಅದು ಸಂಘದ ಸ್ವತ್ತು ಎಂದು ಹಿಂದಿನಿಂದ ಯಾರೋ ಕೂಗಿದರು. ಕೆಟ್ಟಿದ್ದರೆ ಕೂಗುತ್ತಿರಲಿಲ್ಲ; ಅದು ಸರಿಯಾಗಿ ಕೆಲಸ ಮಾಡುತ್ತದೆಂದು ಅವರಿಗೂ ಗೊತ್ತಿತ್ತು.